ಅರವತ್ತರ ಹಾಡು, ಐವತ್ತರ ಕರೆಂಟು

ಶಹಾಪುರದ ಮರಿಲಿಂಗಪ್ಪ ಮಾಸ್ತರರ ಮನೆಗೆ ಫೋನ್ ಮಾಡಿದವರು ಹೆಚ್ಚಾಗಿ ಒಂದೇ ತಪ್ಪು ಮಾಡುತ್ತಿದ್ದರು. ಮಾಸ್ತರರ ಹೆಂಡತಿ ಅಯ್ಯಮ್ಮ ಫೋನೆತ್ತಿ ‘ಹಲೋ’ ಅಂದರೆ ಸಾಕು, ಆ ಕಡೆಯವರು ‘ನಮಸ್ಕಾರ ಸರ್’ ಎನ್ನುತ್ತಿದ್ದರು. ಗ್ಯಾಸಿನವನು, ಬ್ಯಾಂಕಿನ ಹುಡುಗಿ, ದೂರದ ಬೀಗರು, ಎಲ್ಲರದೂ ಅದೇ ಕತೆ. ಅಯ್ಯಮ್ಮ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ‘ಹೂಂ, ಹೇಳ್ರಿ’ ಎಂದು ಸರ್ ಆಗಿಯೇ ಮಾತು ಮುಗಿಸಿ, ಫೋನಿಟ್ಟು, ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಆ ದನಿ ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾದ ಹೊಸದರಲ್ಲಿ ಅವಳು ಕಳೆ ತೆಗೆಯಲು ಹೋದಾಗ ಹಾಡಿದರೆ ಮೂರು ಹೊಲದಾಚೆಯವರು ಸೊಂಟ ನೆಟ್ಟಗೆ ಮಾಡಿ ಕೇಳುತ್ತಿದ್ದರು. ಐವತ್ತು ದಾಟಿದ ಮೇಲೆ ದನಿ ಮೆಲ್ಲಗೆ ಕೆಳಗಿಳಿಯಿತು. ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಅಯ್ಯಮ್ಮ, ‘ಸಾರಿನ ಹಬೆ ಕುಡದು ಕುಡದು ಗಂಟಲು ದಪ್ಪ ಆಗ್ಯದ’ ಎಂದು ಅದನ್ನು ಹಗುರವಾಗಿ ತೆಗೆದುಕೊಂಡಿದ್ದಳು. ಆದರೆ ಬುದ್ಧ ವಿಹಾರದ ಹೆಂಗಸರ ಹಾಡಿನ ತಂಡದಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದವಳು ಹಿಂದಿನ ಸಾಲಿಗೆ ಬಂದಳು. ಆಮೇಲೆ ಬರೀ ತುಟಿ ಅಲ್ಲಾಡಿಸಿದಳು. ಕೊನೆಗೆ ಚಹಾ ಮಾಡಿಕೊಡುವುದಕ್ಕಷ್ಟೇ ಹೋಗತೊಡಗಿದಳು. ಈ ಇಳಿಜಾರನ್ನು ಮರಿಲಿಂಗಪ್ಪ ನೋಡಿದ್ದರು. ಏನು ಮಾಡಬೇಕೆಂದು ತಿಳಿದಿರಲಿಲ್ಲ.

ಮರಿಲಿಂಗಪ್ಪ ಸಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಯಾವ ವಸ್ತು ಕೈಗೆ ಬಂದರೂ ಅದರ ಬೆನ್ನು ತಿರುವಿ ಅಲ್ಲಿ ಬರೆದದ್ದನ್ನು ಓದುವುದು ಅವರ ಚಾಳಿ. ಮಿಕ್ಸರ್ ಇರಲಿ, ಫ್ಯಾನ್ ಇರಲಿ, ಬೀಗರು ತಂದ ಬಿಸ್ಕೀಟಿನ ಪೊಟ್ಟಣವೇ ಇರಲಿ, ‘ಬೆನ್ನು ಓದಿ ಆಮ್ಯಾಲ ಮಕಾ ನೋಡಬೇಕು’ ಎನ್ನುತ್ತಿದ್ದರು.

ಅವರ ಮಗಳು ಪರಿಮಳಾ ನರ್ಸಿಂಗ್ ಕಲಿತು, ಜಪಾನಿನ ಓಸಾಕಾದಲ್ಲಿ ವೃದ್ಧರ ಆರೈಕೆ ಮಾಡುವ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಈ ಸಲ ಜನವರಿಯಲ್ಲಿ ರಜೆಗೆ ಬಂದವಳು ಸೂಟ್‌ಕೇಸಿನೊಳಗೆ ಎರಡು ಕಂಬಳಿಯಲ್ಲಿ ಸುತ್ತಿ ಒಂದು ವಸ್ತು ತಂದಳು. ಬಿಚ್ಚಿದಾಗ ಹಾಲುಗೆನೆ ಬಣ್ಣದ, ಹಿಡಿಕೆ ಇರುವ, ಸಣ್ಣ ಟ್ರಂಕಿನಂಥ ಪೆಟ್ಟಿಗೆ ಹೊರಬಂತು. ಮುಚ್ಚಳ ಎತ್ತಿದರೆ ಒಳಗೆ ತಿರುಗುವ ತಟ್ಟೆ, ಮುಳ್ಳಿನ ಕೈ. ಮುಚ್ಚಳದಲ್ಲೇ ಸ್ಪೀಕರು.

“ಗ್ರಾಮಫೋನು!” ಎಂದರು ಮರಿಲಿಂಗಪ್ಪ.

“ರೆಕಾರ್ಡ್ ಪ್ಲೇಯರ್ ಅಪ್ಪಾ. ಹಯಾಶಿ ಅಜ್ಜಿ ಕೊಟ್ಟಳು. ಆಕಿ ನಾ ಕೆಲಸ ಮಾಡೋ ಕಡೇನ ಇರ್ತಾಳ. ತನ್ನ ಹಳಿ ಮನಿ ಖಾಲಿ ಮಾಡ್ವಾಗ ಎಲ್ಲಾ ಹಂಚಿಬಿಟ್ಟಳು. ಇದರ ಮುಂದ ತನ್ನ ಜೋಡಿ ಕುಂತು ಕೇಳಾಕಿ ನಾ ಒಬ್ಬಾಕಿನ ಅಂತ, ನನಗ ಇದು.”

ಜೊತೆಗೆ ಮೂರು ರೆಕಾರ್ಡುಗಳಿದ್ದವು. ಅವುಗಳಲ್ಲಿ ಒಂದರ ಮೇಲೆ ನೀಲಿ ನೀರು, ಒಂದು ದೋಣಿ. ನದಿಯ ದಂಡೆಯಲ್ಲಿ ಕೂತು ದೋಣಿ ಕಾಯುವ ಹೆಂಗಸಿನ ಹಾಡು ಅದರಲ್ಲಿದೆ, ಅಜ್ಜಿಗೆ ಅದೇ ಪ್ರಾಣ ಎಂದು ಪರಿಮಳಾ ವಿವರಿಸಿದಳು. ಅಯ್ಯಮ್ಮ ಕೈ ಒರೆಸಿಕೊಂಡು ಬಂದು ಆ ಚಿತ್ರದ ಮೇಲೆ ಬೆರಳಾಡಿಸಿದಳು.

“ಹಚ್ಚು, ಕೇಳೋಣು.”

“ತಡಿ ತಡಿ,” ಎಂದು ಮರಿಲಿಂಗಪ್ಪ ಆಗಲೇ ಪೆಟ್ಟಿಗೆಯ ಬೆನ್ನು ತಿರುವಿದ್ದರು. ಜಪಾನಿ ಅಕ್ಷರಗಳ ನಡುವೆ ಓದಲು ಬರುವ ಅಂಕಿಗಳು ಕೆಲವೇ ಇದ್ದವು. ನೂರು ವೋಲ್ಟ್ ಎಂದದ್ದು ಅವರ ಕಣ್ಣಿಗೆ ಬಿತ್ತು. ಅದೊಂದೇ ಸಾಕಾಯಿತು. “ಜಪಾನಿನ ಗೋಡಿಯಾಗ ಬರೋದು ನೂರು. ನಮ್ಮ ಗೋಡಿಯಾಗ ಎರಡುನೂರ ಮೂವತ್ತು. ಈಗ ಪ್ಲಗ್ ಹಾಕಿದ್ರ ಜರ ಹೊಗಿ, ಜರ ವಾಸನಿ, ಮುಂದ ಇದನ್ನ ಬಜಿ ಕಟ್ಟಿ ಇಡಾಕ ಬಳಸಬೇಕಾಗ್ತದ.”

ಮರುದಿನ ಅಪ್ಪ ಮಗಳು ಯಾದಗಿರಿಯ ಬಸ್ಸು ಹತ್ತಿದರು. ಸ್ಟೇಷನ್ ರಸ್ತೆಯಲ್ಲಿ ಮೋಟಾರು ಸುತ್ತುವ ಲಕ್ಷ್ಮಿಕಾಂತನ ಅಂಗಡಿ ಮರಿಲಿಂಗಪ್ಪನವರಿಗೆ ಹಳೆಯ ಪರಿಚಯ. ಶಾಲೆಯ ಪ್ರಯೋಗಾಲಯದ ಸಾಮಾನು ರಿಪೇರಿಗೆ ಅಲ್ಲಿಗೇ ತರುತ್ತಿದ್ದರು. ಲಕ್ಷ್ಮಿಕಾಂತ ತಾಮ್ರದ ತಂತಿಯ ನಡುವಿನಿಂದಲೇ ತಲೆ ಎತ್ತಿ, ಕೇಳಿ, ತಲೆ ಆಡಿಸಿದ.

“ಎರಡುನೂರ ಮೂವತ್ತು ಒಳಗ, ನೂರು ಹೊರಗ. ಮಾಡ್ತೀನ್ರಿ ಸರ. ಆದ್ರ ಕಾಲುವಿ ನೀರು ಬಿಟ್ಟಾರ, ರೈತರ ಪಂಪಿನ ಮೋಟಾರು ಬಂದು ಕುಂತಾವ. ಅವು ಮುಗದ ಮ್ಯಾಲ ನಿಮ್ಮದು.”

ರೈತರ ಮೋಟಾರು ಮುಗಿಯುವುದರೊಳಗೆ ಪರಿಮಳಾಳ ರಜೆ ಮುಗಿಯಿತು. ಹೋಗುವ ಮುನ್ನ ಅವಳು ಮುಳ್ಳನ್ನು ಹೇಗೆ ಮೆತ್ತಗೆ ಇಳಿಸಬೇಕು, ರೆಕಾರ್ಡಿನ ಧೂಳು ಹೇಗೆ ತೆಗೆಯಬೇಕು ಎಂಬುದನ್ನು ಅವ್ವನಿಗೂ ಅಪ್ಪನಿಗೂ ತೋರಿಸಿಕೊಟ್ಟಳು. ತಟ್ಟೆ ಮಾತ್ರ ತಿರುಗಿರಲಿಲ್ಲ. ಹಾಡು ಹೇಗಿದೆ ಎಂದು ಅವರಿಬ್ಬರೂ ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ಲಕ್ಷ್ಮಿಕಾಂತ ಕಟ್ಟಿದ ಟ್ರಾನ್ಸ್‌ಫಾರ್ಮರ್ ಬಂತು. ಇಟ್ಟಿಗೆಯಷ್ಟು ಭಾರದ ಕಬ್ಬಿಣದ ಪೆಟ್ಟಿಗೆ. ಪ್ಲಗ್ಗಿಗೆ ಹಾಕಿದ ಕೂಡಲೆ ಜೇನಿನ ಹುಟ್ಟಿನಂತೆ ಸಣ್ಣಗೆ ಗುಂಯ್‌ಗುಟ್ಟಿತು. ಮರಿಲಿಂಗಪ್ಪ ಮೀಟರು ಹಚ್ಚಿ ನೋಡಿದರು. ಸರಿಯಾಗಿ ನೂರು. ಸಂಜೆ ಅಯ್ಯಮ್ಮ ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ, ನೀರು ಮತ್ತು ದೋಣಿಯ ರೆಕಾರ್ಡನ್ನೇ ಇಟ್ಟು, ಉಸಿರು ಹಿಡಿದು ಮುಳ್ಳು ಇಳಿಸಿದರು.

ಚರಚರ ಸದ್ದಿನ ಹಿಂದಿನಿಂದ ಒಂದು ತಂತಿವಾದ್ಯ ಎದ್ದುಬಂತು. ಅದರ ಹಿಂದೆ ಒಂದು ದನಿ. ತಗ್ಗಿನದು, ದಪ್ಪನೆಯದು, ಅವಸರವೇ ಇಲ್ಲದ್ದು. ಒಂದೊಂದು ಮಾತನ್ನೂ ನೀರಿಗೆ ಬಿಟ್ಟು ಅದು ತೇಲಿಹೋಗುವುದನ್ನು ನೋಡಿ ಮುಂದಿನದನ್ನು ಬಿಡುವಂತೆ ಹಾಡುತ್ತಿತ್ತು.

“ಗಂಡಸು ಅದಾನೇನು?” ಎಂದರು ಮರಿಲಿಂಗಪ್ಪ.

“ಹೆಂಗಸ ಅದಾಳ,” ಎಂದಳು ಅಯ್ಯಮ್ಮ ಒಂದು ಕ್ಷಣವೂ ತಡೆಯದೆ. “ನನ್ನಂಥಾಕಿ.”

ಆವತ್ತು ಆ ಬದಿಯನ್ನು ಅವರು ಮತ್ತೆ ಮತ್ತೆ ಕೇಳಿದರು. ಮರುದಿನವೂ ಕೇಳಿದರು. ಅದು ದಿನದ ವಾಡಿಕೆಯಾಯಿತು. ಅಯ್ಯಮ್ಮ ಮೊದಮೊದಲು ಅಕ್ಕಿ ಆರಿಸುತ್ತ ಹೂಂ ಹೂಂ ಎಂದು ಗುನುಗಿದಳು. ಆಮೇಲೆ ಜಪಾನಿ ಮಾತಿನ ಜಾಗದಲ್ಲಿ ತನ್ನವೇ ಮಾತು ಕೂಡಿಸಿದಳು. ಒಂದು ಸಂಜೆ ಮರಿಲಿಂಗಪ್ಪ ಪೇಪರ್ ಓದುತ್ತಿದ್ದಾಗ ಒಳಗಿನಿಂದ ಅವಳ ದನಿ ರೆಕಾರ್ಡಿನ ದನಿಗೆ ಹೆಗಲು ಕೊಟ್ಟು ಬಂತು:

ಜ್ವಾಳದ ಹೊಲದಾಗ ಗಾಳಿ ಮಲಗ್ಯಾದ
ಮೆಲ್ಲಕ ನಡಿಯ ನನ ಮಗಳ, ತೆನಿಯೊಳಗ
ಹಾಲು ತುಂಬ್ಯಾದ ಎಬ್ಬಿಸಬ್ಯಾಡ

ಅವರು ಪೇಪರನ್ನು ತೊಡೆಯ ಮೇಲಿಟ್ಟುಕೊಂಡರು. ತಿರುಗಿ ನೋಡಿದರೆ ಅವಳು ನಾಚಿ ನಿಲ್ಲಿಸಿಯಾಳೆಂದು ಗೋಡೆಯ ಕಡೆಗೇ ಮುಖ ಮಾಡಿ ಕೂತರು. ಎಷ್ಟು ವರ್ಷದ ಮೇಲೆ ಈ ಮನೆಯಲ್ಲಿ ಈ ಸದ್ದು!

ಒಂದು ಭಾನುವಾರ ಪರಿಮಳಾ ವೀಡಿಯೊ ಕರೆ ಮಾಡಿದಳು. ಪಕ್ಕದಲ್ಲಿ ಗಾಲಿಕುರ್ಚಿಯ ಮೇಲೆ ಬೆಳ್ಳಿಕೂದಲಿನ ಹಯಾಶಿ ಅಜ್ಜಿ ಕೂತಿದ್ದಳು. ಮರಿಲಿಂಗಪ್ಪ ಹೆಮ್ಮೆಯಿಂದ ಫೋನನ್ನು ಪೆಟ್ಟಿಗೆಯ ಮುಂದೆ ಹಿಡಿದು ಹಾಡು ಹಚ್ಚಿದರು. ಎರಡು ಸಾಲು ಆಗಿರಲಿಲ್ಲ, ಪರಿಮಳಾ ಬಾಯಿಗೆ ಕೈ ಹಿಡಿದಳು. ಆಮೇಲೆ ಕೈ ತೆಗೆದು ಬಿದ್ದುಬಿದ್ದು ನಕ್ಕಳು.

“ಅಪ್ಪಾ, ಇದೇನ್ ಆಗ್ಯದ! ಆಕಿ ಹಿಂಗ ಹಾಡಾಂಗಿಲ್ಲ. ಇಷ್ಟು ತಗ್ಗಿಲ್ಲ, ಇಷ್ಟು ಸಾವಕಾಶನೂ ಇಲ್ಲ. ಜ್ವರ ಬಂದಾಕಿ ಹಾಡಿದಂಗ ಕೇಳಾಕತ್ತದ.”

ಅಜ್ಜಿಯೂ ನಗುತ್ತ ಪರಿಮಳಾಳ ತೋಳು ಜಗ್ಗಿ ಏನೋ ಹೇಳಿದಳು. ಪರಿಮಳಾ ಕೇಳಿಸಿಕೊಂಡು ಕನ್ನಡಕ್ಕೆ ತಂದಳು. ಜಪಾನಿನಲ್ಲಿ ಕರೆಂಟು ಎರಡು ತರಹ. ಓಸಾಕಾ ಕಡೆ ಸೆಕೆಂಡಿಗೆ ಅರವತ್ತು ಸಲ ಹೊರಳುತ್ತದೆ, ಟೋಕಿಯೋ ಕಡೆ ಐವತ್ತು ಸಲ. ಅಜ್ಜಿಯ ಗಂಡ ಒಮ್ಮೆ ಈ ಪೆಟ್ಟಿಗೆಯನ್ನು ಟೋಕಿಯೋದ ತಮ್ಮನ ಮನೆಗೆ ಒಯ್ದಿದ್ದನಂತೆ. ಅಲ್ಲಿಯೂ ಹೀಗೆಯೇ ಕುಡಿದವರಂತೆ ಹಾಡಿತಂತೆ.

ಮರಿಲಿಂಗಪ್ಪನವರ ಮುಖ ಸಣ್ಣಗಾಯಿತು. ಕರೆ ಮುಗಿದ ಮೇಲೆ ಪೆಟ್ಟಿಗೆಯ ಬೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. ನೂರು ವೋಲ್ಟಿನ ಪಕ್ಕದಲ್ಲೇ, ಅದಕ್ಕಿಂತ ಸಣ್ಣದಾಗೇನೂ ಅಲ್ಲ, ಅಷ್ಟೇ ದೊಡ್ಡದಾಗಿ, ಅರವತ್ತು ಹರ್ಟ್ಸ್ ಎಂದು ಬರೆದಿತ್ತು. ನಮ್ಮ ದೇಶದ ಕರೆಂಟು ಸೆಕೆಂಡಿಗೆ ಐವತ್ತು ಆವರ್ತ ಎಂದು ಹತ್ತನೆಯ ತರಗತಿಯ ಬೋರ್ಡಿನ ಮೇಲೆ ವರ್ಷಾ ವರ್ಷ ಬರೆದ ಕೈ ಅದು. ಟ್ರಾನ್ಸ್‌ಫಾರ್ಮರ್ ವೋಲ್ಟು ಇಳಿಸುತ್ತದೆ, ಆವರ್ತನವನ್ನು ಮುಟ್ಟುವುದಿಲ್ಲ ಎಂಬುದನ್ನೂ ಅದೇ ಕೈ ಬರೆದಿತ್ತು.

“ಬೆನ್ನು ಅರ್ಧಾ ಓದೀರಿ,” ಎಂದಳು ಅಯ್ಯಮ್ಮ.

“ಅರ್ಧಾ ಓದೀನಿ,” ಎಂದು ಒಪ್ಪಿಕೊಂಡರು ಮಾಸ್ತರರು. ಇಬ್ಬರೂ ನಕ್ಕರು. ಆದರೆ ಅವರಿಗೆ ಕುತೂಹಲ ಹತ್ತಿಬಿಟ್ಟಿತ್ತು.

ತಿರುಗುವ ತಟ್ಟೆಯನ್ನು ಎತ್ತಿ ಒಳಗೆ ಇಣುಕಿದರು. ಮೋಟಾರಿನ ತಲೆಯ ಮೇಲೆ ಪೆನ್ಸಿಲಿನಷ್ಟು ದಪ್ಪದ ಒಂದು ಕಂಬಿ. ಅದು ಒಂದು ರಬ್ಬರಿನ ಗಾಲಿಯನ್ನು ಉಜ್ಜುತ್ತದೆ, ಗಾಲಿ ತಟ್ಟೆಯ ಅಂಚನ್ನು ಉಜ್ಜುತ್ತದೆ. ಐವತ್ತರ ಕರೆಂಟಿಗೆ ಮೋಟಾರು ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತಿದೆ. ಕರೆಂಟನ್ನು ಬದಲಿಸಲು ತಮ್ಮಿಂದಾಗದು. ಆದರೆ ಕಂಬಿಯನ್ನು ದಪ್ಪ ಮಾಡಬಹುದಲ್ಲ! ಕಂಬಿಯ ದಪ್ಪ ಐದು ಪಾಲು ಇದ್ದದ್ದು ಆರು ಪಾಲಾದರೆ ಗಾಲಿ ಓಸಾಕಾದಲ್ಲಿ ಓಡಿದಷ್ಟೇ ಜೋರಾಗಿ ಓಡುತ್ತದೆ. ಲೆಕ್ಕ ಇಷ್ಟು ಸರಳವಾಗಿ ಬಂದದ್ದಕ್ಕೆ ಅವರಿಗೆ ಒಬ್ಬರೇ ಕೂತು ಚಪ್ಪಾಳೆ ಹೊಡೆಯುವಷ್ಟು ಖುಷಿಯಾಯಿತು.

ಪೆಟ್ಟಿಗೆಯನ್ನು ಚಾದರಿನಲ್ಲಿ ಕಟ್ಟಿಕೊಂಡು ಸುರಪುರಕ್ಕೆ ಹೋದರು. ಅಲ್ಲಿ ಬಸಲಿಂಗನ ಲೇತ್ ಅಂಗಡಿ. ಟ್ರ್ಯಾಕ್ಟರಿನ ಬುಷ್ಷು, ಬೋರಿನ ಪೈಪಿಗೆ ತಿರುಪಿನ ಮರೆ ಕೊರೆಯುವವನು ಬಸಲಿಂಗ. ಇಷ್ಟು ಸಣ್ಣ ಕೆಲಸ ಅವನಿಗೆ ಬಂದದ್ದು ಅಪರೂಪ. ಕಂಬಿಯನ್ನು ಅಳೆದು, ಹಿತ್ತಾಳೆಯ ತುಂಡೊಂದನ್ನು ಯಂತ್ರಕ್ಕೆ ಸಿಕ್ಕಿಸಿ, ಮೂಗಿನ ತುದಿಯವರೆಗೂ ಕನ್ನಡಕ ಇಳಿಸಿಕೊಂಡ. ಬಂಗಾರದ ಬಣ್ಣದ ಸುರುಳಿಗಳು ಅವನ ಕಾಲ ಬಳಿ ಬಿದ್ದವು. ಕಂಬಿಗೆ ತೊಡಿಸಲು ಮಾಡಿದ ಮೊದಲನೆಯ ಬಳೆ ಸಡಿಲಾಯಿತು. ಎರಡನೆಯದು ಬಿಗಿಯಾಗಿ, ಬೆರಳಿಂದ ಒತ್ತಿದರೆ ಕೂಡುವಂತೆ, ಉಗುರಿಂದ ಎತ್ತಿದರೆ ಬರುವಂತೆ ಆಯಿತು.

“ಮುಂಜಾನಿಂದ ಕರಿ ಎಣ್ಣಿಯಾಗ ಕೈ ಆಡಿಸಿದ್ದೆ. ಇದು ಮೂಗುತಿ ಮಾಡಿದಂಗ ಆತು ನೋಡ್ರಿ,” ಎಂದ ಬಸಲಿಂಗ. “ಯಾರ ಸಲುವಾಗಿ ಸರ?”

“ಒಬ್ಬಾಕಿ ಹಾಡ್ತಾಳ. ಆಕಿ ಸಾವಕಾಶ ಹಾಡಾಕತ್ತಾಳ, ಜರ ಎಬ್ಬಿಸಬೇಕು,” ಎಂದರು ಮಾಸ್ತರರು. ಬಸಲಿಂಗನಿಗೆ ಅರ್ಥವಾಗಲಿಲ್ಲ. ಆದರೂ ನಕ್ಕ.

ಸಂಜೆ ಮನೆಯಲ್ಲಿ ಹಿತ್ತಾಳೆಯ ಬಳೆಯನ್ನು ಕಂಬಿಗೆ ತೊಡಿಸಿ, ತಟ್ಟೆ ಕೂಡಿಸಿ, ಹಾಡು ಹಚ್ಚಿದರು. ಹಾಡು ಜಿಗಿದೆದ್ದಿತು! ತಂತಿಗಳು ಮಿಂಚಿದವು. ಹಾಡುವಾಕೆ ಈಗ ಇಪ್ಪತ್ತೈದರ ಹುಡುಗಿ. ದೋಣಿ ಕಾಯುತ್ತ ಕೂತಿಲ್ಲ, ಎದ್ದು ನಿಂತು ಕೈಬೀಸಿ ಕರೆಯುತ್ತಿದ್ದಾಳೆ. ಮರಿಲಿಂಗಪ್ಪ ಕೂಡಲೆ ಪರಿಮಳಾಳಿಗೆ ಕರೆ ಮಾಡಿ ಕೇಳಿಸಿದರು. “ಹಾಂ ಅಪ್ಪಾ! ಇದ ನೋಡ್ರಿ ಖರೆ ಹಾಡು!” ಎಂದಳು ಅವಳು. ಮಾಸ್ತರರು ಓಣಿಯ ನಾಲ್ಕು ಮಂದಿಯನ್ನು ಕರೆದು ಕೇಳಿಸಿದರು. ಆರರಲ್ಲಿ ಐದರ ಲೆಕ್ಕವನ್ನು ಎಲ್ಲರಿಗೂ ವಿವರಿಸಿದರು.

ಅಯ್ಯಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಹಾಡಿನ ಎರಡನೆಯ ಸುತ್ತಿಗೆ ತನ್ನ ಮಾತು ಎತ್ತಿದಳು. ‘ಜ್ವಾಳದ ಹೊಲದಾಗ’ ಎನ್ನುವಷ್ಟರಲ್ಲಿ ದನಿ ಬಿರಿಯಿತು. ಮತ್ತೊಮ್ಮೆ ಹಿಡಿದಳು, ಹಾಡು ಆಗಲೇ ಮುಂದೆ ಓಡಿತ್ತು, ಗಾಳಿ ಮಲಗುವುದಕ್ಕೂ ಜಾಗವಿರಲಿಲ್ಲ. “ಛಂದ ಅದ,” ಎಂದು ಹೇಳಿ ಒಳಗೆ ಹೋಗಿ ಉಳ್ಳಾಗಡ್ಡಿ ಹೆಚ್ಚತೊಡಗಿದಳು.

ಮರುದಿನವೂ ಮಾಸ್ತರರು ಹಾಡು ಹಚ್ಚಿದರು. ಅವಳು ಬರಲಿಲ್ಲ. ಶಾಲೆಯ ಅಕ್ಕಿ ಬಂದಿದೆ, ಆರಿಸಬೇಕು ಎಂದಳು. ಅದರ ಮರುದಿನ ಪಕ್ಕದ ಮನೆಗೆ ಹೋಗಿದ್ದಳು. ವಾರವೊಂದು ಕಳೆಯುವಷ್ಟರಲ್ಲಿ ಮರಿಲಿಂಗಪ್ಪನವರಿಗೆ ಹಾಡು ಮುಗಿದ ಮೇಲೆ ಮನೆ ಬಹಳ ಸುಮ್ಮನಿದೆ ಅನ್ನಿಸತೊಡಗಿತು. ಊಟಕ್ಕೆ ಕೂತಾಗ ಕೇಳಿಯೇಬಿಟ್ಟರು.

“ಯಾಕ, ಹಾಡು ಪಸಂದ್ ಆಗಲಿಲ್ಲೇನು?”

“ಯಾರಂದ್ರು? ಛಂದ ಆಗ್ಯದ. ಆಕಿ ಹೆಂಗ ಹಾಡಿದ್ಲೋ ಹಂಗ ಕೇಳಾಕತ್ತದ.” ಅವಳು ರೊಟ್ಟಿ ಮುರಿದಳು. “ನಾ ಹಾಡಾಕ ಬರಾಂಗಿಲ್ಲ, ಅಷ್ಟ. ಆಕಿ ಮಾಳಿಗಿ ಮ್ಯಾಲ ಹೋಗಿ ಕುಂತಾಳ. ನನಗ ನಿಚ್ಚಣಿಕಿ ಹತ್ತಾಕ ಮೊಣಕಾಲು ನೋಯ್ತಾವ.”

ಹೇಳಿದ್ದು ನಗುತ್ತಲೇ. ದೂರು ಇರಲಿಲ್ಲ ಅದರಲ್ಲಿ. ಮರಿಲಿಂಗಪ್ಪ ಮಾತ್ರ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟರು. ಸರಿಯಾದದ್ದು ಸರಿ, ತಪ್ಪಾದದ್ದು ತಪ್ಪು ಎಂದು ಉತ್ತರಪತ್ರಿಕೆ ತಿದ್ದಿಕೊಂಡು ಬಂದವರು ಅವರು. ನೀಲಿ ನೀರಿನ ಆ ರೆಕಾರ್ಡು ಯಾವ ವೇಗದಲ್ಲಿ ತಿರುಗಬೇಕು ಎಂಬುದಕ್ಕೆ ಒಂದೇ ಉತ್ತರ. ಅದನ್ನು ತಾವು ಕಂಡುಹಿಡಿದು, ಬಳೆ ತೊಡಿಸಿ, ಮಗಳ ಕೈಲಿ ಭಲೇ ಅನ್ನಿಸಿಕೊಂಡಿದ್ದರು. ಈಗ ಆ ಸರಿ ಉತ್ತರವೇ ಹೆಂಡತಿಯ ಬಾಯಿ ಮುಚ್ಚಿಸಿತ್ತು.

ಮರುದಿನ ಅಯ್ಯಮ್ಮ ಶಾಲೆಗೆ ಹೋದ ಮೇಲೆ ಅವರು ತಟ್ಟೆ ಎತ್ತಿ ಉಗುರಿನಿಂದ ಬಳೆಯನ್ನು ಮೇಲೆಬ್ಬಿಸಿದರು. ಅದು ಬಂತು. ಅಂಗೈಯಲ್ಲಿಟ್ಟು ನೋಡಿದರು. ಅಷ್ಟು ಮುದ್ದಾದ ವಸ್ತುವನ್ನು ತೆಗೆದಿಡಲು ಮನಸ್ಸು ಒಪ್ಪಲಿಲ್ಲ. ಆದರೂ ತೆಗೆದು ಕನ್ನಡಕದ ಡಬ್ಬಿಯಲ್ಲಿ ಹಾಕಿದರು.

ಅವಳು ಬಂದಾಗ ಮಾಸ್ತರರು ಎಂದಿನಂತೆಯೇ ಇದ್ದರು. ಚಹಾ ಕುಡಿದರು, ಮುಳ್ಳು ಇಳಿಸಿದರು, ಪೇಪರ್ ಹಿಡಿದರು. ತಗ್ಗಿನ ದನಿ ನಿಧಾನವಾಗಿ ಮನೆಯನ್ನು ತುಂಬಿತು. ಬಚ್ಚಲಲ್ಲಿ ಪಾತ್ರೆಯ ಸದ್ದು ನಿಂತಿತು. ಹಾಡಿನ ಮೊದಲ ಸುತ್ತು ಮುಗಿಯುವವರೆಗೂ ಏನೂ ಇಲ್ಲ. ಎರಡನೆಯ ಸುತ್ತಿಗೆ, ‘ಜ್ವಾಳದ ಹೊಲದಾಗ ಗಾಳಿ ಮಲಗ್ಯಾದ…’

ಹಾಡು ಮುಗಿದ ಮೇಲೆ ಅವಳು ಒದ್ದೆ ಕೈಯಲ್ಲೇ ಬಂದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಬಳಿ ತಗದೀರೇನು?”

“ತಗದೀನಿ.”

“ತಪ್ಪು ಆಗಾಂಗಿಲ್ಲೇನು?”

“ರೆಕಾರ್ಡಿಗೆ ತಪ್ಪು. ನಮ್ಮ ಮನಿಗಿ ತಪ್ಪಲ್ಲ.”

ಅಯ್ಯಮ್ಮ ನಿಂತ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದಳು. “ಹಾಡು ಅದೇ ಅದ ಅಲ್ರಿ? ಮಾತು ಬದಲಾಗಿಲ್ಲ, ಧಾಟಿ ಬದಲಾಗಿಲ್ಲ. ಬರೇ ಕೆಳಗ ಇಳದು ಕುಂತದ. ಕೆಳಗ ಇಳದ್ರ ಹಾಡು ಕೆಡಾಂಗಿಲ್ಲ.” ತಟ್ಟೆಯನ್ನು ಬೆರಳಿನಿಂದ ತಡೆದು ನಿಲ್ಲಿಸಿ, “ಹಂಗಂದ್ರ ಸುಗಲಮ್ಮ ಯಾಕ ಅಷ್ಟು ಮ್ಯಾಲ ಹಿಡಿತಾಳ?” ಎಂದಳು.

ಸುಗಲಮ್ಮ ವಿಹಾರದ ಹಾಡಿನ ತಂಡದ ಹಿರಿಯಳು. ಹಾರ್ಮೋನಿಯಂ ಅವಳದೇ. ತಂಡ ಕಟ್ಟಿದಂದಿನಿಂದ ಪ್ರತಿಯೊಂದು ಹಾಡನ್ನೂ ಹಾರ್ಮೋನಿಯಂನ ನಾಲ್ಕನೆಯ ಕರಿ ಮನೆಯಿಂದಲೇ, ಎಂದರೆ ಕರಿ ಪಟ್ಟಿಯಿಂದಲೇ ಎತ್ತುತ್ತಿದ್ದಳು. ಎಲ್ಲರೂ ಅದನ್ನು ಕರಿ ನಾಲ್ಕು ಎನ್ನುತ್ತಿದ್ದರು, ಊರಿನ ಹೆಸರು ಹೇಳಿದಷ್ಟೇ ಸಲೀಸಾಗಿ. ಅದನ್ನು ಬದಲಿಸಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಭಾನುವಾರ ಅಯ್ಯಮ್ಮ ಅವಳನ್ನು ಹಾರ್ಮೋನಿಯಂ ಸಮೇತ ಮನೆಗೆ ಕರೆಸಿದಳು. ಸುಗಲಮ್ಮನ ಸೊಸೆ ಕಸ್ತೂರಿಯೂ ಜೊತೆಗೆ ಬಂದಳು. ಈಗ ತಂಡದಲ್ಲಿ ಮುಂದೆ ಕೂತು ಹಾಡುವವಳು ಅವಳೇ. ಮರಿಲಿಂಗಪ್ಪ ಕನ್ನಡಕದ ಡಬ್ಬಿ ತೆರೆದು ಬಳೆ ತೊಡಿಸಿದರು. ರೆಕಾರ್ಡಿನ ಹುಡುಗಿಯ ದನಿ ಎದ್ದಿತು. ಸುಗಲಮ್ಮ ತಿದಿ ಒತ್ತಿ, ಮನೆಗಳ ಮೇಲೆ ಬೆರಳಾಡಿಸಿ ಹಾಡಿನ ನೆಲೆ ಹುಡುಕಿದಳು.

“ಕರಿ ನಾಕು! ಜಪಾನಿನಾಗೂ ಕರಿ ನಾಕ ಹಿಡಿತಾರ ನೋಡು,” ಎಂದು ಗೆದ್ದವಳಂತೆ ನೋಡಿದಳು.

ಮಾಸ್ತರರು ಬಳೆ ತೆಗೆದು ಮತ್ತೆ ಹಾಡು ಹಚ್ಚಿದರು. ಸುಗಲಮ್ಮನ ಬೆರಳು ಎಡಕ್ಕೆ ಜಾರಿತು. ಒಂದು ಮನೆ, ಎರಡು ಮನೆ, ಮೂರನೆಯ ಮನೆಗೆ ಹೋಗಿ ಕೂತಿತು. “ಬಿಳಿ ನಾಕು,” ಎಂದಳು, ಈ ಸಲ ಮೆತ್ತಗೆ.

“ಆರರಾಗ ಐದು ಅಂದ್ರ ಮೂರು ಮನಿ!” ಎಂದು ಮರಿಲಿಂಗಪ್ಪ ಹಿಗ್ಗಿದರು. ಸಂಗೀತದ ಲೆಕ್ಕವೂ ಕರೆಂಟಿನ ಲೆಕ್ಕವೂ ಹೀಗೆ ಒಂದೇ ಬಾಗಿಲಲ್ಲಿ ಹೊರಬರುತ್ತವೆಂದು ಅವರಿಗೆ ಗೊತ್ತಿರಲಿಲ್ಲ. ಯಾರೂ ಅವರ ಮಾತು ಕೇಳುತ್ತಿರಲಿಲ್ಲ. ಅಯ್ಯಮ್ಮ ಹಾಡತೊಡಗಿದ್ದಳು. ಸುಗಲಮ್ಮ ಬಿಳಿ ನಾಲ್ಕರ ಮೇಲೆ ಬೆರಳಿಟ್ಟುಕೊಂಡೇ ಅವಳ ಮುಖ ನೋಡುತ್ತಿದ್ದಳು.

“ಇಷ್ಟು ದನಿ ಇಟಗೊಂಡು ಚಾ ಮಾಡಾಕ ಬರ್ತಿದ್ದಿಯಲ್ಲ!”

“ನೀ ಮಾಳಿಗಿ ಮ್ಯಾಲ ಕುಂತಿದ್ದಿ. ನಾ ಕೆಳಗ ಚಾ ಮಾಡ್ತಿದ್ದೆ,” ಎಂದಳು ಅಯ್ಯಮ್ಮ. “ಸುಗಲಮ್ಮ, ನೀ ಕರಿ ನಾಕು ಯಾಕ ಹಿಡಿತಿ?”

“ಮೊದಲಿಂದ ಹಿಡದೀನಿ.”

“ಈಗ ನಿನ್ನ ದನಿ ಅಲ್ಲಿ ಮುಟ್ಟತದೇನು? ಖರೆ ಹೇಳು.”

ಸುಗಲಮ್ಮ ತಿದಿಯ ಮೇಲಿನ ಕೈಯನ್ನು ನೋಡಿಕೊಂಡಳು. ಆಮೇಲೆ ಹಲ್ಲು ಕಾಣುವಂತೆ ನಕ್ಕಳು. “ಎಲ್ಲಿ ಮುಟ್ಟತದ, ಯವ್ವಾ! ಮ್ಯಾಲಿನ ಸಾಲು ಬಂದಾಗ ಹಾರ್ಮೋನಿಯಂ ಪೆಟ್ಟಿಗಿ ಜೋರು ಮಾಡಿ ದನಿ ಮುಚ್ಚಿಬಿಡ್ತೀನಿ.”

ಕಸ್ತೂರಿ ಮಾತ್ರ ಮುಖ ಗಂಟು ಹಾಕಿಕೊಂಡಿದ್ದಳು. “ಅತ್ತಿ, ಬಿಳಿ ನಾಕರಾಗ ಹಾಡಿದ್ರ ನನಗ ನಿದ್ದಿ ಬರ್ತದ. ನನ್ನ ದನಿಗಿ ಅದು ಬಾವಿಯಾಗ ಇಳದಂಗ.”

ಅದೂ ಸುಳ್ಳಲ್ಲ. ಚಹಾ ಆಯಿತು, ಮಾತಾಯಿತು. ಕಸ್ತೂರಿ ಮುಂದೆ ನಿಂತು ಹಾಡುವ ಎರಡು ಹಾಡು ಕರಿ ನಾಲ್ಕರಲ್ಲೇ ಇರಲಿ, ಉಳಿದವು ಬಿಳಿ ನಾಲ್ಕಕ್ಕೆ ಇಳಿಯಲಿ ಎಂದು ಕೊನೆಗೆ ಗೊತ್ತಾಯಿತು. ಬುದ್ಧ ಪೂರ್ಣಿಮೆಗೆ ಇನ್ನೂ ದಿನಗಳಿದ್ದವು. ತಾಲೀಮು ಮರಿಲಿಂಗಪ್ಪನವರ ಮನೆಯಲ್ಲೇ ನಡೆಯಿತು. ಶ್ರುತಿ ಇಳಿಸಿದ್ದಾರಂತೆ ಎಂಬ ಸುದ್ದಿ ಹೇಗೋ ಓಣಿಯಲ್ಲಿ ಹರಿದಾಡಿ, ಹಾಡು ಬಿಟ್ಟು ಕೂತಿದ್ದ ಇನ್ನೂ ಮೂವರು ಹೆಂಗಸರು, ‘ಬರೇ ಕೇಳಾಕ ಬಂದೀವಿ’ ಎನ್ನುತ್ತ ಬಂದು ಗೋಡೆಗೆ ಒರಗಿ ಕೂತರು. ಎರಡನೆಯ ದಿನಕ್ಕೆ ಅವರೂ ಹಾಡುತ್ತಿದ್ದರು.

ಮಾಸ್ತರರಿಗೆ ಒಂದು ಚಿಂತೆ ಉಳಿದಿತ್ತು. ಅರವತ್ತಕ್ಕೆ ಮಾಡಿದ ಮೋಟಾರು ಐವತ್ತರಲ್ಲಿ ದಿನಾ ತಿರುಗಿ ಬಿಸಿಯಾಗುತ್ತಿತ್ತು. ಮುಟ್ಟಿದರೆ ಕೈಗೆ ತಾಗುವಷ್ಟು. ಅವರು ಮತ್ತೆ ಯಾದಗಿರಿಗೆ ಹೋಗಿ ಲಕ್ಷ್ಮಿಕಾಂತನನ್ನು ಕಂಡರು. ಇಬ್ಬರೂ ಸೇರಿ ಲೆಕ್ಕ ಹಾಕಿದರು. ಆವರ್ತನ ಇಳಿದಷ್ಟೇ ವೋಲ್ಟನ್ನೂ ಇಳಿಸಿದರೆ ಮೋಟಾರು ತಂಪಾಗಿರುತ್ತದೆ. ಲಕ್ಷ್ಮಿಕಾಂತ ಟ್ರಾನ್ಸ್‌ಫಾರ್ಮರಿನ ಸುತ್ತಿನಿಂದ ಇನ್ನೊಂದು ತಂತಿ ಹೊರತೆಗೆದು ಎಂಬತ್ತಮೂರು ವೋಲ್ಟಿಗೆ ಕಟ್ಟಿಕೊಟ್ಟ.

“ಮಂದಿ ಯಂತ್ರ ಜೋರು ಓಡ್ಲಿ ಅಂತ ಬರ್ತಾರ. ಸಾವಕಾಶ ಆದ್ರೂ ಆರಾಮ ಇರ್ಲಿ ಅಂತ ಬಂದವರು ನೀವ ಮೊದಲು ಸರ,” ಎಂದ.

“ವಯಸ್ಸಾದ್ರ ಹಂಗ ಅಲ್ಲೇನಪ್ಪಾ,” ಎಂದರು ಮರಿಲಿಂಗಪ್ಪ.

ಪೂರ್ಣಿಮೆಯ ಬೆಳಿಗ್ಗೆ ಬಿಸಿಲು ಇನ್ನೂ ಮೆತ್ತಗಿತ್ತು. ವಿಹಾರದ ಅಂಗಳದಲ್ಲಿ ನೀರು ಚಿಮುಕಿಸಿ ಜಮಖಾನೆ ಹಾಸಿದ್ದರು. ಬಿಳಿ ಸೀರೆಯ ಹೆಂಗಸರು ಬಂದು ಕೂತರು. ಅಯ್ಯಮ್ಮ ಅಭ್ಯಾಸಬಲದಿಂದ ಹಿಂದೆ ಹೊರಟಿದ್ದಳು. ಸುಗಲಮ್ಮ ಹಾರ್ಮೋನಿಯಂನಿಂದ ತಲೆ ಎತ್ತದೆ, ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಅಯ್ಯಮ್ಮ ಅಲ್ಲಿ ಕೂತಳು.

ಕಸ್ತೂರಿ ಮೊದಲು ತನ್ನ ಹಾಡು ಹಾಡಿದಳು. ಅದು ಬೇವಿನ ಮರದ ತುದಿಯವರೆಗೂ ಹೋಗಿ ಬಂತು. ಆಮೇಲೆ ಸುಗಲಮ್ಮನ ಬೆರಳು ಎಡಕ್ಕೆ ಇಳಿಯಿತು. ಗಂಡಸರ ಸಾಲಿನಲ್ಲಿ ಕೂತ ಮರಿಲಿಂಗಪ್ಪನವರಿಗೆ ಮೊದಲು ಅಯ್ಯಮ್ಮನ ದನಿ ಕೇಳಿತು. ಅದರ ಹಿಂದೆ ಸುಗಲಮ್ಮನದು, ಅದರ ಹಿಂದೆ ಗೋಡೆಗೆ ಒರಗಿ ಕೂತಿದ್ದವರದು, ಎಲ್ಲ ದಪ್ಪ ದಪ್ಪ ದನಿಗಳು, ನೆಲದಿಂದಲೇ ಎದ್ದುಬಂದಂತೆ. ಎದೆಯ ಮೂಳೆಗೆ ಅದು ತಾಗುತ್ತಿತ್ತು. ಮುಂದೆ ಕೂತಿದ್ದ ಒಬ್ಬ ಹಿರಿಯರು ಹಿಂತಿರುಗಿ, “ಮಾಸ್ತರ, ಯಾರದು ಆ ದನಿ?” ಎಂದು ಕೇಳಿದರು.

“ನಮ್ಮಾಕಿದು,” ಎಂದರು ಮರಿಲಿಂಗಪ್ಪ. ಹೇಳಿ ಮತ್ತೆ ಹಾಡಿನ ಕಡೆ ಕಿವಿ ಕೊಟ್ಟರು.

ಪಾಯಸ ಹಂಚಿ, ಪಾತ್ರೆ ತೊಳೆದು, ಎಲ್ಲರನ್ನೂ ಮಾತಾಡಿಸಿ ಹೊರಟಾಗ ಬಿಸಿಲು ಏರಿತ್ತು. ಅಯ್ಯಮ್ಮ ಸೆರಗನ್ನು ತಲೆಗೆ ಹೊದ್ದು ಗಂಡನ ಪಕ್ಕದಲ್ಲಿ ನಡೆದಳು. ಬಸ್‌ಸ್ಟ್ಯಾಂಡಿನ ಹತ್ತಿರ ಬಂಡಿಯವನು ಮೆಣಸಿನಕಾಯಿ ಬಜಿ ಎಣ್ಣೆಗೆ ಬಿಡುತ್ತಿದ್ದ. ಅವಳು ನಿಂತಳು.

“ಹಸಿವಾಗ್ಯದ್ರಿ. ಹಾಡಿದ್ರ ಇಷ್ಟು ಹಸಿವಾಗ್ತದ ಅನ್ನೋದು ಮರತೇ ಹೋಗಿತ್ತು.”

“ಪಾಯಸ ಈಗ ಕುಡದಿ.”

“ಅದು ಪೂರ್ಣಿಮಿ ಸಲುವಾಗಿ. ಇದು ನನ್ನ ಸಲುವಾಗಿ.”

ಬಂಡಿಯವನು ಒಗ್ಗರಣೆ ಹಾಕಿದ ಮಂಡಕ್ಕಿಯ ಸುಸಲದ ಮೇಲೆ ಬಿಸಿ ಬಜಿ ಇಟ್ಟು ಕೊಟ್ಟ. ನೆರಳು ಸಿಕ್ಕ ಕಟ್ಟೆಯೊಂದರ ಮೇಲೆ ಇಬ್ಬರೂ ಕೂತರು. ಅಯ್ಯಮ್ಮ ಬಜಿ ಕಚ್ಚಿ, ಖಾರಕ್ಕೆ ಹಾಂ ಹಾಂ ಎಂದು ಉಸಿರೆಳೆದು, ಕಣ್ಣಲ್ಲಿ ನೀರು ತಂದುಕೊಂಡು, ಕೈ ಎತ್ತಿ ಇನ್ನೊಂದಕ್ಕೆ ಹೇಳಿದಳು.